ನಿದ್ದೆಗೆಂದು ಪುಡಿ ಕೊಡುವ ಮುನ್ನ

ಈ ಸಲದ ಪತ್ರಗಳಲ್ಲಿ ಹೆಚ್ಚಿನವರ ಅಳಲು ಒಂದೇ. ಮಗು ನಿದ್ದೆ ಮಾಡುವುದಿಲ್ಲ, ಹೇಳಿದ ಮಾತು ಕೇಳುವುದಿಲ್ಲ, ಔಷಧಿ ಕೊಡಲು ಮನಸ್ಸಿಲ್ಲ, ಆಹಾರದಲ್ಲಿ ಏನಾದರೂ ದಾರಿ ಇದೆಯೇ? ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉದ್ದನೆಯ ಉತ್ತರ ಬರೆದಿದ್ದೇನೆ. ಇಂಥ ಮಕ್ಕಳು ನನ್ನ ಕ್ಲಿನಿಕ್ಕಿಗೆ ವಾರ ತಪ್ಪದೆ ಬರುತ್ತಾರೆ, ಬರುವಾಗಲೇ ‘ತುಂಟ’ ಎಂಬ ಹಣೆಪಟ್ಟಿ ಅಂಟಿಸಿಕೊಂಡು ಬರುತ್ತಾರೆ.

ಪ್ರಶ್ನೆ: ಮಗನಿಗೆ ಐದೂವರೆ ವರ್ಷ. ರಾತ್ರಿ ಹನ್ನೊಂದಾದರೂ ಹಾಸಿಗೆಯ ತುಂಬ ಉರುಳಾಡುತ್ತಾನೆ, ನಿದ್ದೆಯಲ್ಲೂ ಕಾಲು ಒದೆಯುತ್ತಾನೆ. ಶಾಲೆಯಲ್ಲಿ ಒಂದು ಕಡೆ ಕೂರುವುದಿಲ್ಲ, ಬೇರೆ ಮಕ್ಕಳಿಗೆ ಹೊಡೆಯುತ್ತಾನೆ ಎಂದು ದೂರು. ಊಟ ತೀರಾ ಕಡಿಮೆ. ದಿನಕ್ಕೆ ನಾಲ್ಕು ಲೋಟ ಹಾಲು ಕುಡಿಯುತ್ತಾನೆ, ತಾತನ ಜೊತೆ ಎರಡು ಹೊತ್ತು ಟೀ. ಗೋಡೆಯ ಸುಣ್ಣ ಕೆರೆದು ತಿನ್ನುವ ಚಟ ಬೇರೆ. ಬ್ರಾಹ್ಮಿ ಪುಡಿ ಕೊಡಿ ಎನ್ನುತ್ತಾರೆ. ಕೊಡಲೇ? – ಓದುಗರು, ಅರಸೀಕೆರೆ

ಉತ್ತರ: ಬ್ರಾಹ್ಮಿಯ ವಿಷಯ ಆಮೇಲೆ. ಕಾಲು ಒದೆಯುವುದು, ಸುಣ್ಣ ತಿನ್ನುವುದು, ಊಟದ ಜಾಗವನ್ನು ಹಾಲು, ಟೀ ಆಕ್ರಮಿಸಿರುವುದು, ಈ ಮೂರೂ ಒಂದೇ ಮಗುವಿನಲ್ಲಿ ಕಂಡರೆ ನಾನು ಮೊದಲು ಅನುಮಾನಿಸುವುದು ಕಬ್ಬಿಣಾಂಶದ ಕೊರತೆಯನ್ನು.

ಕಬ್ಬಿಣ ಬೇಕಿರುವುದು ರಕ್ತಕ್ಕೆ ಮಾತ್ರವಲ್ಲ. ಮಿದುಳು ಡೋಪಮೈನ್ ಎಂಬ ನರಸಂದೇಶದ ರಾಸಾಯನಿಕವನ್ನು ತಯಾರಿಸಿಕೊಳ್ಳಲೂ ಅದು ಬೇಕು. ಅದು ಸಾಲದೆ ಬಂದರೆ ಸಂಜೆಯಾಗುತ್ತಿದ್ದಂತೆ ಕಾಲುಗಳಲ್ಲಿ ತಡೆಯಲಾಗದ ಚಡಪಡಿಕೆ ಶುರುವಾಗಬಹುದು, ಕಾಲು ಆಡಿಸಿದರಷ್ಟೇ ಸ್ವಲ್ಪ ಹಿತ. ದೊಡ್ಡವರಾದರೆ ಕಾಲಲ್ಲಿ ಇರುವೆ ಹರಿದಂತಾಗುತ್ತದೆ ಎಂದು ಬಾಯಿಬಿಟ್ಟು ಹೇಳುತ್ತಾರೆ. ಐದು ವರ್ಷದ ಮಗುವಿಗೆ ಹಾಗೆ ಹೇಳಲು ಬಾರದು. ಅದು ಉರುಳಾಡುತ್ತದೆ, ಅಳುತ್ತದೆ, ಬೈಗುಳ ತಿನ್ನುತ್ತದೆ. ನಿದ್ದೆಗೆಟ್ಟ ದೊಡ್ಡವರು ತೂಕಡಿಸಿದರೆ ನಿದ್ದೆಗೆಟ್ಟ ಮಕ್ಕಳು ಕುಣಿಯುತ್ತಾರೆ, ಸಿಡುಕುತ್ತಾರೆ, ಕೈ ಎತ್ತುತ್ತಾರೆ. ಶಾಲೆಯ ದೂರಿನ ಬೇರು ರಾತ್ರಿಯ ಹಾಸಿಗೆಯಲ್ಲೇ ಇರಬಹುದು.

ಇವತ್ತು ರಾತ್ರಿ ಅವನ ಪಾದಗಳನ್ನೇ ಗಮನಿಸಿ. ಹಿಮ್ಮಡಿಯನ್ನು ಹಾಸಿಗೆಗೆ ತಿಕ್ಕುತ್ತಾನೆಯೇ? ಒಂದು ಪಾದದಿಂದ ಇನ್ನೊಂದನ್ನು ಉಜ್ಜುತ್ತಲೇ ಇರುತ್ತಾನೆಯೇ? ಕಾಲೊತ್ತಿದರೆ ಸುಮ್ಮನಾಗುತ್ತಾನೆಯೇ? ನಿದ್ದೆ ಹತ್ತಿದ ಮೇಲೆ ಹೆಬ್ಬೆರಳು ಮೇಲಕ್ಕೆ ಸೆಟೆದು, ಪಾದ ಜಗ್ಗಿ, ಅರ್ಧ ನಿಮಿಷ ಬಿಟ್ಟು ಮತ್ತೆ ಅದೇ ಆಗುತ್ತದೆಯೇ? ಕಂಡದ್ದನ್ನು ಬರೆದುಕೊಂಡು ಮಕ್ಕಳ ವೈದ್ಯರ ಬಳಿ ಹೋಗಿ.

ಅಲ್ಲಿ ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ. ಫೆರಿಟಿನ್ ತೋರಿಸುವುದು ದೇಹದ ಉಗ್ರಾಣದಲ್ಲಿ ಉಳಿದಿರುವ ಕಬ್ಬಿಣವನ್ನು. ಹಿಮೋಗ್ಲೋಬಿನ್ ಸರಿಯಿದ್ದೂ ಉಗ್ರಾಣ ಬರಿದಾಗಿರುವ ಮಕ್ಕಳು ಎಷ್ಟೋ ಮಂದಿ. ಕಾಲಿನ ಚಡಪಡಿಕೆಯಿರುವ ಮಕ್ಕಳಲ್ಲಿ ಫೆರಿಟಿನ್ 50ಕ್ಕಿಂತ (ng/mL ಲೆಕ್ಕದಲ್ಲಿ) ಕೆಳಗಿದ್ದರೆ ಕಬ್ಬಿಣದ ಚಿಕಿತ್ಸೆಯನ್ನು ಯೋಚಿಸಬೇಕು ಎಂಬುದು ಈ ಕ್ಷೇತ್ರದ ತಜ್ಞರ ಸಲಹೆ. ಲ್ಯಾಬಿನವರು ಅದನ್ನೇ ‘ನಾರ್ಮಲ್’ ಎಂದು ಅಚ್ಚು ಹಾಕಿರುತ್ತಾರೆ, ಅದನ್ನು ನೋಡಿ ಮನೆಗೆ ಮರಳಬೇಡಿ. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ, ಆಗ ಮಾಡಿಸಬೇಡಿ. ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ 67ರಷ್ಟು ಮಂದಿಗೆ ರಕ್ತಹೀನತೆಯಿದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಹೀಗಿರುವಾಗ ಈ ಪರೀಕ್ಷೆಯನ್ನು ಮಾಡದೆ ಮಗುವನ್ನು ಹಟಮಾರಿ ಎಂದು ಕರೆಯುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಸುಣ್ಣ ತಿನ್ನುವುದೂ ಈ ಕೊರತೆಯ ಗುರುತು. ಗೋಡೆಗೆ ಹಳೆಯ ಬಣ್ಣವಿದ್ದರೆ ಅದರಲ್ಲಿ ಸೀಸ ಇರಬಹುದು. ಕಬ್ಬಿಣ ಕಡಿಮೆಯಿರುವ ಕರುಳು ಸೀಸವನ್ನು ಇನ್ನಷ್ಟು ಹೀರಿಕೊಳ್ಳುತ್ತದೆ, ಸೀಸವೂ ಮಕ್ಕಳ ನಡವಳಿಕೆಯನ್ನು ಕೆಡಿಸುತ್ತದೆ. ಇದನ್ನೂ ವೈದ್ಯರಿಗೆ ಮರೆಯದೆ ಹೇಳಿ.

ಈಗ ಅಡುಗೆಮನೆಗೆ ಬರೋಣ. ಹಾಲನ್ನು ದಿನಕ್ಕೆ ಎರಡು ಸಣ್ಣ ಲೋಟಕ್ಕೆ ಇಳಿಸಿ, ಅದೂ ಊಟದ ಹೊತ್ತಿಗಲ್ಲ. ಟೀ ಪೂರ್ತಿ ನಿಲ್ಲಲಿ. ಅದು ಊಟದಲ್ಲಿನ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ, ಸಂಜೆಯದ್ದು ನಿದ್ದೆಯನ್ನೂ ಓಡಿಸುತ್ತದೆ. ತಾತನವರಿಗೆ ನೀವೇ ವಿನಯದಿಂದ ತಿಳಿಸಿ, ಮೊಮ್ಮಗನ ಜೊತೆ ಕೂತು ಕುಡಿಯುವ ಖುಷಿಗೆ ಬೆಲ್ಲ ಹಾಕಿದ ನಿಂಬೆ ಪಾನಕ ಸಾಕು. ಹುರುಳಿಕಟ್ಟಿನ ಸಾರು, ದಂಟಿನ ಸೊಪ್ಪಿನ ಬಸ್ಸಾರು, ಮೊಳಕೆ ಬಂದ ಹೆಸರುಕಾಳು ನಿಮ್ಮ ಕಡೆ ಹೊಸದಲ್ಲ. ತಟ್ಟೆಗೆ ಬಡಿಸಿದ ಮೇಲೆ ಅರ್ಧ ಹೋಳು ನಿಂಬೆ ಹಿಂಡಿ, ಇಲ್ಲವೇ ಜೊತೆಗೊಂದು ಸೀಬೆಹಣ್ಣು ಕೊಡಿ. ಸಸ್ಯಾಹಾರದ ಕಬ್ಬಿಣ ವಿಟಮಿನ್ ಸಿ ಜೊತೆಯಿದ್ದರೆ ಚೆನ್ನಾಗಿ ಹತ್ತುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡಿಸಿದರೆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಅಂಶ ತಗ್ಗುತ್ತದೆ. ಮಾಂಸ ತಿನ್ನುವ ಮನೆಯಾದರೆ ವಾರಕ್ಕೊಮ್ಮೆ ಕುರಿಯ ಈಲಿ ಎರಡು ತುಂಡು ಕೊಡಿ. ಬೀಟ್‌ರೂಟ್ ಕೆಂಪಗಿದೆ ಎಂಬ ಕಾರಣಕ್ಕೆ ಅದನ್ನು ಒತ್ತಾಯ ಮಾಡಿ ತಿನ್ನಿಸಬೇಡಿ, ಅದರಲ್ಲಿ ಕಬ್ಬಿಣ ಅಷ್ಟಕ್ಕಷ್ಟೆ.

ಉಗ್ರಾಣ ಪೂರ್ತಿ ಬರಿದಾಗಿದ್ದರೆ ಊಟವೊಂದರಿಂದಲೇ ಬೇಗ ತುಂಬುವುದಿಲ್ಲ. ವೈದ್ಯರು ತೂಕ ನೋಡಿ ಬರೆದುಕೊಡುವ ಕಬ್ಬಿಣದ ಸಿರಪ್ಪನ್ನು ಕೆಲವು ತಿಂಗಳು ಕೊಡಬೇಕಾದೀತು. ಮಲ ಕಪ್ಪಾದರೆ ಗಾಬರಿಯಾಗಬೇಡಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಗುಲಾಬಿ ಮಾತ್ರೆ ಕೊರತೆ ಬರದಂತೆ ತಡೆಯಲು, ಬಂದಿರುವ ಕೊರತೆಗೆ ಅದು ಸಾಲದು. ಸಿರಪ್ಪಿನ ಬಾಟಲಿ ಬೀಗದೊಳಗಿರಲಿ, ಅಳತೆ ಮೀರಿದ ಕಬ್ಬಿಣ ಚಿಕ್ಕ ಮಕ್ಕಳ ಜೀವಕ್ಕೇ ಕುತ್ತು.

ಬ್ರಾಹ್ಮಿ ಈ ಕೊರತೆಯನ್ನು ತುಂಬುವುದಿಲ್ಲ. ಕಾರಣ ತಿಳಿಯುವವರೆಗೆ ಬೇಡ. ಕಬ್ಬಿಣ ಸರಿಹೋಗಿ, ನಿದ್ದೆಯೂ ಚೆನ್ನಾಗಿ ಬಂದು, ಆಮೇಲೂ ತರಗತಿಯಲ್ಲಿ ಕೂರಲಾಗದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲೋ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲೋ ತೋರಿಸಿ. ಹಾಗೆ ತೋರಿಸುವುದರಲ್ಲಿ ಅವಮಾನ ಏನೂ ಇಲ್ಲ.

ಪ್ರಶ್ನೆ: ಹುಟ್ಟುಹಬ್ಬಕ್ಕೆ ಹೋಗಿ ಬಂದ ದಿನ ಮಗಳನ್ನು ಹಿಡಿಯಲಾಗುವುದಿಲ್ಲ. ಸಕ್ಕರೆಯನ್ನು ಪೂರ್ತಿ ಬಿಡಿಸಿದರೆ ಶಾಂತವಾಗುತ್ತಾಳೆಯೇ? – ಓದುಗರು, ಹುಬ್ಬಳ್ಳಿ

ಉತ್ತರ: ಹಲ್ಲಿಗಾಗಿ, ತೂಕಕ್ಕಾಗಿ ಖಂಡಿತ ಕಡಿಮೆ ಮಾಡಿ. ಶಾಂತಿಗಾಗಿ ಎಂದರೆ ಆಸೆ ಇಟ್ಟುಕೊಳ್ಳಬೇಡಿ. 1994ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ನಡೆಯಿತು. ಮಕ್ಕಳಿಗೆ ಕೊಟ್ಟದ್ದು ಸಕ್ಕರೆಯಿಲ್ಲದ ಪಾನೀಯ, ಆದರೆ ಕೆಲವು ತಾಯಂದಿರಿಗೆ ಸಕ್ಕರೆ ಕೊಟ್ಟಿದ್ದೇವೆ ಎಂದು ಹೇಳಲಾಯಿತು. ತಮ್ಮ ಮಗು ಅತಿಯಾಗಿ ಆಡುತ್ತಿದೆ ಎಂದು ಹೇಳಿದವರು ಆ ತಾಯಂದಿರೇ. ಹುಟ್ಟುಹಬ್ಬದ ಮನೆಯಲ್ಲಿ ಗದ್ದಲ, ಗೆಳೆಯರು, ತಪ್ಪಿದ ಮಧ್ಯಾಹ್ನದ ನಿದ್ದೆ ಎಲ್ಲವೂ ಇರುತ್ತದೆ.

ಕೃತಕ ಬಣ್ಣದ ಮಾತು ಬೇರೆ. ಕೆಲವು ಬಣ್ಣಗಳಿಂದ ಕೆಲವು ಮಕ್ಕಳ ಚಟುವಟಿಕೆ ಹೆಚ್ಚುತ್ತದೆ ಎಂದು 2007ರ ಬ್ರಿಟಿಷ್ ಅಧ್ಯಯನ ತೋರಿಸಿತು. 2010ರಿಂದ ಯುರೋಪಿನಲ್ಲಿ ಅಂಥ ತಿಂಡಿಯ ಪೊಟ್ಟಣದ ಮೇಲೆ ಎಚ್ಚರಿಕೆ ಬರೆಯಬೇಕು. ಪರಿಣಾಮ ದೊಡ್ಡದಲ್ಲ, ಆದರೂ ಆ ಬಣ್ಣಗಳಿಂದ ಮಗುವಿಗೆ ಯಾವ ಪೋಷಣೆಯೂ ಇಲ್ಲ. ನಮ್ಮ ರಾಜ್ಯ ಸರ್ಕಾರವೂ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗಳಲ್ಲಿ ರೋಡಮೈನ್–ಬಿ ಎಂಬ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಕಣ್ಣು ಕುಕ್ಕುವ ಬಣ್ಣದ ತಿಂಡಿಯನ್ನು ಧೈರ್ಯವಾಗಿ ಬೇಡ ಎನ್ನಿ.

ಪ್ರಶ್ನೆ: ಎಂಟು ತಿಂಗಳ ಕೂಸು ರಾತ್ರಿ ಮೂರು ಸಲ ಏಳುತ್ತದೆ. ಜಾಯಿಕಾಯಿ, ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸೋಣ, ಗಸಗಸೆ ಹಾಲು ಕೊಡೋಣ ಎನ್ನುತ್ತಾರೆ ಅತ್ತೆಯವರು. – ಓದುಗರು, ಶಿರಸಿ

ಉತ್ತರ: ಈ ನಾಲ್ಕೂ ಬೇಡ. ಅತ್ತೆಯವರ ಕಾಳಜಿ ದೊಡ್ಡದು, ಅವರ ಮನಸ್ಸು ನೋಯಿಸದೆ ಈ ಪುಟವನ್ನೇ ಓದಿ ಹೇಳಿ. ಜಾಯಿಕಾಯಿ ಅಳತೆ ಮೀರಿದರೆ ವಿಷ, ತೇಯುವ ಕಲ್ಲಿನ ಮೇಲೆ ಅಳತೆ ಸಿಗುವುದಿಲ್ಲ. ಬಜೆಯಲ್ಲಿರುವ ಬೀಟಾ–ಅಸರೋನ್ ಎಂಬ ಹಾನಿಕರ ಅಂಶದ ಕಾರಣಕ್ಕೆ ಅಮೆರಿಕ 1968ರಲ್ಲೇ ಅದನ್ನು ಆಹಾರದಿಂದ ಹೊರಗಿಟ್ಟಿತು. ಗಸಗಸೆಗೆ ಅಫೀಮಿನ ಅಂಶ ಅಂಟಿರಬಹುದು, ಕೂಸಿನ ಉಸಿರಾಟವನ್ನೇ ಅದು ಕುಗ್ಗಿಸಬಲ್ಲದು. ಒಂದು ವರ್ಷ ತುಂಬುವವರೆಗೆ ಜೇನು ನಾಲಿಗೆಗೆ ತಾಗಬಾರದು, ಬಾಟುಲಿಸಮ್ ಎಂಬ ಲಕ್ವದಂಥ ಕಾಯಿಲೆ ಬರಬಹುದು. ಈ ವಯಸ್ಸಿನಲ್ಲಿ ಕೂಸು ಮೂರು ಸಲ ಎದ್ದು ಹಾಲು ಕುಡಿದು ಮಲಗುವುದು ರೋಗವಲ್ಲ. ಅತ್ತೆಯವರು ಬೆಳಗಿನ ಜಾವ ಕೂಸನ್ನು ಎತ್ತಿಕೊಂಡು ನಿಮಗೆ ಒಂದು ತಾಸು ನಿದ್ದೆ ಬಿಟ್ಟುಕೊಟ್ಟರೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಒಂಬತ್ತರ ಮಗಳಿಗೆ ಬೆಳಿಗ್ಗೆ ಏಳಲು ಆಗುವುದಿಲ್ಲ, ಇಡೀ ದಿನ ಕಿರಿಕಿರಿ. ಇಲ್ಲಿ ಅಂಗಡಿಯಲ್ಲೇ ನಿದ್ದೆಗೆಂದು ಮೆಲಟೋನಿನ್ ಗಮ್ಮಿ (ಜಗಿಯುವ ಮಿಠಾಯಿಯಂಥದ್ದು) ಸಿಗುತ್ತದೆ, ನೈಸರ್ಗಿಕ ಎಂದು ಬರೆದಿದೆ. ಬಾಯಿ ತೆರೆದು ಮಲಗುತ್ತಾಳೆ, ಗೊರಕೆಯೂ ಇದೆ.

ಉತ್ತರ: ಮೆಲಟೋನಿನ್ ಒಂದು ಹಾರ್ಮೋನು, ಮಿಠಾಯಿಯಲ್ಲ. 2023ರಲ್ಲಿ ಅಲ್ಲಿಯೇ 25 ಗಮ್ಮಿಗಳನ್ನು ಪರೀಕ್ಷಿಸಿದಾಗ 22ರಲ್ಲಿ ಲೇಬಲ್ಲಿನ ಪ್ರಮಾಣ ತಪ್ಪಾಗಿತ್ತು. ಆದರೆ ನೀವು ಕೊನೆಗೆ ಬರೆದಿರುವ ಗೊರಕೆಯೇ ನನಗೆ ಮುಖ್ಯ. ಮೂಗಿನ ಹಿಂದಿನ ಅಡಿನಾಯ್ಡ್ ಅಥವಾ ಟಾನ್ಸಿಲ್ ದೊಡ್ಡದಾಗಿ ಉಸಿರು ಕಟ್ಟುತ್ತಿದ್ದರೆ, ಹತ್ತು ತಾಸು ಮಲಗಿದರೂ ಮಗು ದಣಿದೇ ಏಳುತ್ತದೆ. ಇದಕ್ಕೆ ಗಮ್ಮಿಯೂ ಇಲ್ಲ, ಕಷಾಯವೂ ಇಲ್ಲ. ಗೊರಕೆ ಜೋರಾದ ಹೊತ್ತಿನಲ್ಲಿ ಹೊದಿಕೆ ಸರಿಸಿ, ಮುಖ ಮತ್ತು ಎದೆ ಎರಡೂ ಕಾಣುವಂತೆ ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೊ ತೆಗೆಯಿರಿ, ಧ್ವನಿ ಇರಲಿ. ಅದನ್ನು ಅಲ್ಲಿನ ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿ–ಮೂಗು–ಗಂಟಲು ತಜ್ಞರಿಗೆ ಚೀಟಿ ಕೇಳಿ.