ಓದುಗರ ಪ್ರಶ್ನೆ, ನಮ್ಮ ಉತ್ತರ: ರೋಮ್ ಸಾಮ್ರಾಜ್ಯವನ್ನು ಮತ್ತೆ ಕಟ್ಟುವವರಿಗೆ

ಕಳೆದ ಸಂಚಿಕೆಯಲ್ಲಿ ಕ್ರುಸೇಡರ್ ಕಿಂಗ್ಸ್ 3 ಎಂಬ ಕಂಪ್ಯೂಟರ್ ಆಟದ ಪ್ರಸ್ತಾಪ ಬಂದ ಮೇಲೆ ಅದರ ಕುರಿತಾಗಿಯೇ ಹಲವು ಪತ್ರಗಳು ಬಂದಿವೆ. ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ 2020ರ ಸೆಪ್ಟೆಂಬರಿನಲ್ಲಿ ಹೊರತಂದ ಈ ಆಟದಲ್ಲಿ ನಾವು ನಡೆಸುವುದು ಒಂದು ರಾಜಮನೆತನವನ್ನು. ಅರಸ ಸತ್ತರೆ ಅವನ ಉತ್ತರಾಧಿಕಾರಿಯಾಗಿ ಆಟ ಮುಂದುವರಿಯುತ್ತದೆ. ವಾರಸುದಾರರೇ ಇಲ್ಲದಿದ್ದರೆ ಅಲ್ಲಿಗೇ ಮುಗಿಯುತ್ತದೆ, ಇದ್ದರೆ 1453ರವರೆಗೂ ಸಾಗುತ್ತದೆ. ಪತ್ರ ಬರೆದವರಲ್ಲಿ ಹೆಚ್ಚಿನವರು ಹಿಡಿದಿರುವುದು ಒಂದೇ ಗುರಿ: ಅಳಿದುಹೋದ ರೋಮ್ ಸಾಮ್ರಾಜ್ಯವನ್ನು ಮಧ್ಯಯುಗದಲ್ಲಿ ಪುನಃ ಸ್ಥಾಪಿಸುವುದು. ಆದ್ದರಿಂದ ಈ ಬಾರಿ ಅಂಕಣವನ್ನು ಆ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಆಟದ ಆರಂಭದ ವರ್ಷಗಳಲ್ಲೊಂದಾದ 867ರಿಂದ ಬೈಜಾಂಟೈನ್ (ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ಪೂರ್ವ ರೋಮ್ ಸಾಮ್ರಾಜ್ಯದ) ಚಕ್ರವರ್ತಿಯಾಗಿ ಆಡುತ್ತಿದ್ದೇನೆ. ಸಿಸಿಲಿಯನ್ನೂ ದಕ್ಷಿಣ ಇಟಲಿಯನ್ನೂ ಗೆಲ್ಲುವವರೆಗೆ ಎಲ್ಲವೂ ಸರಿಯಾಗಿರುತ್ತದೆ. ಚಕ್ರವರ್ತಿ ತೀರಿಕೊಂಡು ಮಗ ಪಟ್ಟಕ್ಕೆ ಬಂದೊಡನೆ ಸಾಮಂತರು ದಂಗೆಯೇಳುತ್ತಾರೆ, ಗೆದ್ದದ್ದೆಲ್ಲ ಕೈಬಿಡುತ್ತದೆ. ಸೈನ್ಯವನ್ನು ಇನ್ನೂ ಹೆಚ್ಚಿಸಬೇಕೆ?
— ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಸೈನ್ಯ ಹೆಚ್ಚಿಸಿದರೆ ಇನ್ನೊಂದು ಪ್ರಾಂತ ಸಿಕ್ಕೀತು, ದಂಗೆ ಮಾತ್ರ ತಪ್ಪುವುದಿಲ್ಲ. ನೀವು ಆರಿಸಿಕೊಂಡಿರುವ ಬೆಸಿಲ್ ಚಕ್ರವರ್ತಿಯ ಕಥೆಯನ್ನೇ ನೋಡಿ. ಅರಮನೆಯ ಕುದುರೆ ಲಾಯದಿಂದ ಮೇಲೆ ಬಂದ ಈತ, ತನ್ನನ್ನು ಸಹಚಕ್ರವರ್ತಿಯ ಸ್ಥಾನಕ್ಕೆ ಏರಿಸಿದ ಮೂರನೆಯ ಮೈಕೇಲನನ್ನೇ 867ರ ಸೆಪ್ಟೆಂಬರಿನಲ್ಲಿ ಕೊಲ್ಲಿಸಿ ಏಕಚಕ್ರಾಧಿಪತಿಯಾದವನು. ಅಂಥ ಸಿಂಹಾಸನದ ಮೇಲೆ ಕೂತವನು ಗಡಿಯಾಚೆಯ ಶತ್ರುಗಳಿಗಿಂತ ಆಸ್ಥಾನದೊಳಗಿನ ಮಿತ್ರರ ಮೇಲೆ ಹೆಚ್ಚು ಕಣ್ಣಿಡಬೇಕಾಗುತ್ತದೆ, ಮತ್ತು ಆಟವನ್ನು ರೂಪಿಸಿದವರು ಈ ಸಂಗತಿಯನ್ನು ಚೆನ್ನಾಗಿಯೇ ಅರಿತಿದ್ದಾರೆ.

ಹೊಸದಾಗಿ ಪಟ್ಟವೇರಿದವನ ಬಗ್ಗೆ ಸಾಮಂತರ ಅಭಿಪ್ರಾಯ, ಆಳ್ವಿಕೆ ಇನ್ನೂ ಎಳೆಯದು ಎಂಬ ಕಾರಣಕ್ಕೇ ಕೆಲವು ವರ್ಷ ಕೆಳಮಟ್ಟದಲ್ಲಿರುತ್ತದೆ. ಅತೃಪ್ತರು ಗುಂಪುಗೂಡಿ ತಮ್ಮ ಒಟ್ಟು ಬಲವನ್ನು ನಿಮ್ಮ ಬಲದೊಂದಿಗೆ ತೂಗಿ ನೋಡುತ್ತಾರೆ. ತಕ್ಕಡಿ ತಮ್ಮ ಕಡೆ ವಾಲಿತು ಎಂದು ಕಂಡಾಗ ಷರತ್ತುಗಳನ್ನು ಮುಂದಿಡುತ್ತಾರೆ. ಮುದಿ ಚಕ್ರವರ್ತಿ ತನ್ನ ಕೊನೆಯ ವರ್ಷಗಳನ್ನು ಇಟಲಿಯ ಯುದ್ಧದಲ್ಲಿ ಕಳೆದು, ಬೊಕ್ಕಸ ಬರಿದು ಮಾಡಿ, ಪಡೆಯನ್ನು ಅರ್ಧಕ್ಕೆ ಇಳಿಸಿಕೊಂಡು ಸತ್ತರೆ ಅವರು ಕಾಯುತ್ತಿದ್ದ ಘಳಿಗೆ ತಾನಾಗಿಯೇ ಒದಗಿ ಬರುತ್ತದೆ. ಆದ್ದರಿಂದ ಚಕ್ರವರ್ತಿಗೆ ಐವತ್ತು ದಾಟಿದ ಮೇಲೆ ದೊಡ್ಡ ದಂಡಯಾತ್ರೆಗಳನ್ನು ನಿಲ್ಲಿಸುವುದು ಒಳ್ಳೆಯದು. ಆ ಅವಧಿಯಲ್ಲಿ ಹಣ ಕೂಡಿಡಿ, ಎಲ್ಲರಿಗಿಂತ ಬಲಿಷ್ಠರಾದ ಸಾಮಂತರಿಗೆ ಮಂತ್ರಿಮಂಡಲದಲ್ಲಿ ಸ್ಥಾನ ಕೊಡಿ, ಯುವರಾಜನಿಗೆ ಹೊರಗಿನ ದೊಡ್ಡ ಅರಸುಮನೆತನದಲ್ಲಿ ಮದುವೆ ಮಾಡಿಸಿ ಮೈತ್ರಿಯನ್ನು ಮೊದಲೇ ಗಟ್ಟಿಮಾಡಿಕೊಳ್ಳಿ. ತಂದೆ ಸೆರೆಯಾಳುಗಳ ತಲೆ ತೆಗೆಸಿ ಹುಟ್ಟಿಸಿದ್ದ ಭಯ ಮಗನ ಪಾಲಿಗೆ ಹೆಚ್ಚೇನೂ ಉಳಿಯುವುದಿಲ್ಲ. ಅದನ್ನು ನಂಬಿ ಕೂತವರು ಪಟ್ಟಾಭಿಷೇಕದ ಮರುತಿಂಗಳೇ ಬೆಲೆ ತೆರುತ್ತಾರೆ.

ಇನ್ನೊಂದು ವಿಷಯ. 2024ರಲ್ಲಿ ಬಂದ ‘ರೋಡ್ಸ್ ಟು ಪವರ್’ ಎಂಬ ವಿಸ್ತರಣೆಯನ್ನು ನೀವು ಕೊಂಡಿದ್ದರೆ ಲೆಕ್ಕಾಚಾರವೇ ಬದಲಾಗುತ್ತದೆ. ಅದರಲ್ಲಿ ಬೈಜಾಂಟೈನ್ ಪ್ರಾಂತಗಳು ಸಾಮಂತರ ಆಸ್ತಿಯಾಗಿರದೆ ಅಧಿಕಾರಿಗಳಿಗೆ ವಹಿಸಿಕೊಟ್ಟ ಹುದ್ದೆಗಳಾಗಿರುತ್ತವೆ. ಸಿಂಹಾಸನಕ್ಕೂ ಪ್ರಭಾವದ ಬಲದಿಂದ ಮನೆತನಗಳು ಪೈಪೋಟಿ ನಡೆಸುತ್ತವೆ. ಅಲ್ಲಿ ಹಣಕ್ಕಿಂತ ಪ್ರಭಾವವನ್ನು ಉಳಿಸಿಟ್ಟುಕೊಳ್ಳುವವನೇ ಜಾಣ. ನನ್ನ ಅಭಿಪ್ರಾಯದಲ್ಲಿ ಇದು ಇತಿಹಾಸಕ್ಕೆ ಹೆಚ್ಚು ಹತ್ತಿರವಾದ ವ್ಯವಸ್ಥೆ. ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ತಂದೆಯ ನಂತರ ಮಗನಿಗೇ ಪಟ್ಟ ಎಂಬ ಖಾತರಿ ಎಂದೂ ಇರಲಿಲ್ಲ.

ಪ್ರಶ್ನೆ: ಆಟದ ಮಾತು ಹಾಗಿರಲಿ. ನಿಜವಾದ ಇತಿಹಾಸದಲ್ಲಿ ರೋಮ್ ಸಾಮ್ರಾಜ್ಯವನ್ನು ಮತ್ತೆ ಕಟ್ಟಲು ಯಾರಾದರೂ ಹೊರಟಿದ್ದರೆ?
— ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಹೊರಟಿದ್ದರು, ಅರ್ಧ ದಾರಿಯನ್ನು ಕ್ರಮಿಸಿಯೂ ಇದ್ದರು. ಪಶ್ಚಿಮ ಭಾಗದ ಚಕ್ರವರ್ತಿಯನ್ನು 476ರಲ್ಲಿ ಪದಚ್ಯುತಗೊಳಿಸಿದ ಮೇಲೆ ಪೂರ್ವದ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ರೋಮ್ ಸಾಮ್ರಾಜ್ಯ ತನ್ನ ಹೆಸರಿನಲ್ಲೇ ಮುಂದುವರಿದಿತ್ತು. ಅಲ್ಲಿ 527ರಿಂದ 565ರವರೆಗೆ ಆಳಿದ ಜಸ್ಟಿನಿಯನ್, ಕಳೆದುಹೋದ ಪಶ್ಚಿಮವನ್ನು ಮರಳಿ ಪಡೆಯುವ ಸಾಹಸಕ್ಕೆ ಕೈಹಾಕಿದ. ಅವನ ಸೇನಾಪತಿ ಬೆಲಿಸಾರಿಯಸ್ 533ರಲ್ಲಿ ಸುಮಾರು 15,000 ಸೈನಿಕರೊಂದಿಗೆ ಹಡಗು ಹತ್ತಿ ಉತ್ತರ ಆಫ್ರಿಕಾಕ್ಕೆ ಹೋದ. ಅದೇ ಸೆಪ್ಟೆಂಬರಿನಲ್ಲಿ ಕಾರ್ತೇಜ್ ಅವನ ವಶವಾಯಿತು, ಮರುವರ್ಷ ಅಲ್ಲಿ ಆಳುತ್ತಿದ್ದ ವ್ಯಾಂಡಲರ ರಾಜ ಗೆಲಿಮರ್ ಶರಣಾದ. ಆಟ ಆಡುವವರ ವೇಗಕ್ಕೆ ಹೊಂದುವಂಥ ಗೆಲುವು ಅದು.

ಇಟಲಿ ಹಾಗೆ ದಕ್ಕಲಿಲ್ಲ. ಅಲ್ಲಿ ಆಳುತ್ತಿದ್ದ ಗಾಥರ ವಿರುದ್ಧ 535ರಲ್ಲಿ ಆರಂಭವಾದ ಯುದ್ಧ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಎಳೆಯಿತು. ಬೆಲಿಸಾರಿಯಸ್ 536ರ ಡಿಸೆಂಬರಿನಲ್ಲಿ ರೋಮ್ ನಗರವನ್ನು ಹೊಕ್ಕ ಕೆಲವೇ ತಿಂಗಳಲ್ಲಿ ಗಾಥರು ಬಂದು ಮುತ್ತಿಗೆ ಹಾಕಿ, ಊರಿಗೆ ನೀರು ತರುತ್ತಿದ್ದ ಮೇಲ್ಗಾಲುವೆಗಳನ್ನು ಕಡಿದರು. ಕುಡಿಯಲು ನದಿಯ ನೀರಿತ್ತು, ಬಾವಿಗಳಿದ್ದವು. ಆದರೆ ಆ ಕಾಲುವೆಯ ನೀರಿನಿಂದಲೇ ತಿರುಗುತ್ತಿದ್ದ ಹಿಟ್ಟಿನ ಗಿರಣಿಗಳು ನಿಂತುಹೋದವು. ಬೆಲಿಸಾರಿಯಸ್ ಟೈಬರ್ ನದಿಯಲ್ಲಿ ದೋಣಿಗಳನ್ನು ಜೋಡಿಜೋಡಿಯಾಗಿ ಕಟ್ಟಿ, ಅವುಗಳ ಮೇಲೆ ಬೀಸುಕಲ್ಲು ಕೂರಿಸಿ, ನಡುವೆ ತೂಗುಬಿಟ್ಟ ಚಕ್ರವನ್ನು ಹರಿವಿನ ರಭಸಕ್ಕೆ ತಿರುಗುವಂತೆ ಮಾಡಿ ಊರಿಗೆ ಹಿಟ್ಟು ಒದಗಿಸಿದ. ಗಾಥರು ಮರದ ದಿಮ್ಮಿಗಳನ್ನೂ ಹೆಣಗಳನ್ನೂ ನದಿಗೆ ತೇಲಿಬಿಟ್ಟು ಆ ಗಿರಣಿಗಳನ್ನು ಮುರಿಯಲು ನೋಡಿದಾಗ ಅಡ್ಡಲಾಗಿ ಕಬ್ಬಿಣದ ಸರಪಳಿ ಕಟ್ಟಿಸಿದ. ಬೆಲಿಸಾರಿಯಸನ ಜೊತೆಗಿದ್ದ ಪ್ರೊಕೋಪಿಯಸ್ ಇದನ್ನೆಲ್ಲ ಬರೆದಿಟ್ಟಿದ್ದಾನೆ.

542ರಲ್ಲಿ ರಾಜಧಾನಿಗೆ ಪ್ಲೇಗ್ ಬಂದು ಸ್ವತಃ ಚಕ್ರವರ್ತಿಯೇ ಹಾಸಿಗೆ ಹಿಡಿದು ಬದುಕಿ ಉಳಿದ. ತೆರಿಗೆ ಕೊಡುವ ರೈತರೂ ಸೇನೆಗೆ ಸೇರುವ ಯುವಕರೂ ಒಟ್ಟಿಗೇ ಕಡಿಮೆಯಾದರು. ರೋಮ್ 546ರಲ್ಲಿ ಗಾಥರ ರಾಜ ತೊತಿಲನ ಪಾಲಾಗಿ, ಮತ್ತೆ ಕೈಯಿಂದ ಕೈಗೆ ಹೋಗುತ್ತ, ಕೊನೆಗೆ 552ರಲ್ಲಿ ಚಕ್ರವರ್ತಿಯ ಇನ್ನೊಬ್ಬ ಸೇನಾಪತಿ ನಾರ್ಸೆಸ್ ಗೆದ್ದಾಗ ಆ ಮಹಾನಗರದಲ್ಲಿ ಆಳುವುದಕ್ಕೆ ಹೆಚ್ಚು ಜನ ಉಳಿದಿರಲಿಲ್ಲ. ಜಸ್ಟಿನಿಯನ್ ತೀರಿಕೊಂಡ ಮೂರೇ ವರ್ಷಕ್ಕೆ, 568ರಲ್ಲಿ, ಲೊಂಬಾರ್ಡರೆಂಬ ಜರ್ಮಾನಿಕ್ ಜನಾಂಗದವರು ಆಲ್ಪ್ಸ್ ದಾಟಿ ಬಂದು ಇಟಲಿಯ ಬಹುಭಾಗವನ್ನು ಕಿತ್ತುಕೊಂಡರು. ದಾವಣಗೆರೆಯ ವಿದ್ಯಾರ್ಥಿಗೆ ಆಗಿರುವುದೂ ಇದೇ ಬಗೆಯ ನಷ್ಟ. ಆಟದ ಮಟ್ಟಿಗೆ ನನ್ನ ದೊಡ್ಡ ಆಕ್ಷೇಪವೂ ಇಲ್ಲಿಯೇ ಇದೆ: ಅದರಲ್ಲಿ ಗೆದ್ದ ಸೀಮೆ ಕೆಲವೇ ವರ್ಷಗಳಲ್ಲಿ ಚೇತರಿಸಿಕೊಂಡು ತೆರಿಗೆ ಕೊಡಲು ಆರಂಭಿಸುತ್ತದೆ.

ಪ್ರಶ್ನೆ: ನಾನಿರುವ ಜರ್ಮನಿಯಲ್ಲಿ ‘ಪವಿತ್ರ ರೋಮ್ ಸಾಮ್ರಾಜ್ಯ’ ಎಂಬುದೊಂದು ಸಾವಿರ ವರ್ಷ ಇತ್ತು ಎನ್ನುತ್ತಾರೆ. ಹಾಗಿದ್ದ ಮೇಲೆ ಪುನಃಸ್ಥಾಪನೆಯ ಅಗತ್ಯವೇ ಇಲ್ಲವಲ್ಲ?
— ಕನ್ನಡಿಗರೊಬ್ಬರು, ಮ್ಯೂನಿಕ್

ಉತ್ತರ: ಕಾನ್‌ಸ್ಟಾಂಟಿನೋಪಲ್ಲಿನವರು ಕೇಳಿದ್ದರೆ ನಕ್ಕುಬಿಡುತ್ತಿದ್ದರು. ಪೋಪರು 800ರ ಕ್ರಿಸ್‌ಮಸ್ ದಿನ ಫ್ರಾಂಕರ (ಇಂದಿನ ಫ್ರಾನ್ಸ್, ಜರ್ಮನಿ ಭಾಗದ) ರಾಜ ಶಾರ್ಲ್‌ಮೇನನಿಗೂ, 962ರಲ್ಲಿ ಜರ್ಮನ್ ರಾಜ ಒಟ್ಟೋನಿಗೂ ಚಕ್ರವರ್ತಿಯ ಕಿರೀಟ ತೊಡಿಸಿದ್ದು ನಿಜ. ಆದರೆ ಪೂರ್ವದಲ್ಲಿ ಚಕ್ರವರ್ತಿಗಳ ಸಾಲು ಮುರಿಯದೆ ನಡೆದು ಬಂದಿತ್ತು. ಈ ಎರಡನ್ನೂ ಬೆಸೆಯುವ ಕನಸು ಕಂಡವನು ಆ ಒಟ್ಟೋನ ಮೊಮ್ಮಗ ಮೂರನೆಯ ಒಟ್ಟೋ. ಬೈಜಾಂಟೈನ್ ಅರಮನೆಯಿಂದ ಬಂದ ಥಿಯೋಫಾನೊ ಅವನ ತಾಯಿ. ಅವನು ರೋಮ್ ನಗರದಲ್ಲೇ ಅರಮನೆ ಮಾಡಿಕೊಂಡು, ರೋಮ್ ಸಾಮ್ರಾಜ್ಯದ ನವೀಕರಣ ಎಂದು ತನ್ನ ಮುದ್ರೆಯ ಮೇಲೆ ಬರೆಸಿದ. ಊರಿನವರೇ 1001ರಲ್ಲಿ ದಂಗೆಯೆದ್ದು ಅವನನ್ನು ಹೊರಗಟ್ಟಿದರು. ಮರುವರ್ಷ, ಇಪ್ಪತ್ತೊಂದರ ಹರೆಯದಲ್ಲಿ, ಮಕ್ಕಳಿಲ್ಲದೆ ತೀರಿಕೊಂಡ. ನೀವು ಜರ್ಮನಿಯ ಕಡೆಯಿಂದ ಆಡುವುದಾದರೆ ಸಂತಾನದ ಚಿಂತೆಯನ್ನು ಮೊದಲು ಮಾಡಿ.

ಪ್ರಶ್ನೆ: ನಮ್ಮ ಮಾನ್ಯಖೇಟದಿಂದ ಈ ಆಟ ಆರಂಭಿಸಲು ಬರುತ್ತದೆಯೆ? ಇಲ್ಲಿನ ಹಳೆಯ ಸಾಮ್ರಾಜ್ಯವೊಂದನ್ನು ಮತ್ತೆ ಕಟ್ಟಬಹುದೆ?
— ಕಾಲೇಜು ಉಪನ್ಯಾಸಕರು, ಕಲಬುರಗಿ

ಉತ್ತರ: ಬರುತ್ತದೆ. 867ರ ನಕಾಶೆಯಲ್ಲಿ ರಾಷ್ಟ್ರಕೂಟರ ಅಮೋಘವರ್ಷನೂ 1066ರ ನಕಾಶೆಯಲ್ಲಿ ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನೂ ಇದ್ದಾರೆ. ರೋಮಿನ ವಿಷಯಕ್ಕೂ ಮಳಖೇಡಕ್ಕೂ (ಅಂದಿನ ಮಾನ್ಯಖೇಟ) ಸಂಬಂಧವಿಲ್ಲವೆಂದು ತಿಳಿಯಬೇಡಿ. ಅರಬ್ ವರ್ತಕ ಸುಲೈಮಾನನದೆಂದು ಹೇಳಲಾಗುವ 851ರ ವೃತ್ತಾಂತ, ಲೋಕದ ನಾಲ್ವರು ಮಹಾರಾಜರೆಂದು ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ರೋಮನ್ನರ ಚಕ್ರವರ್ತಿ ಮತ್ತು ದಖ್ಖನಿನ ವಲ್ಲಭರಾಯನನ್ನು ಹೆಸರಿಸುತ್ತದೆ. ಆ ಕಾಲಕ್ಕೆ ಮಾನ್ಯಖೇಟದಲ್ಲಿದ್ದ ವಲ್ಲಭರಾಯ ಅಮೋಘವರ್ಷನೇ.

ಅವನ ಆಳ್ವಿಕೆಯೇ ಮೇಲಿನ ಮೊದಲ ಪ್ರಶ್ನೆಗೂ ಒಳ್ಳೆಯ ಉತ್ತರವಾಗಬಲ್ಲದು. 814ರಲ್ಲಿ ಬಾಲಕನಾಗಿ ಪಟ್ಟಕ್ಕೆ ಬಂದೊಡನೆ ಸಾಮಂತರೂ ದಾಯಾದಿಗಳೂ ತಿರುಗಿಬಿದ್ದರು. ಗಂಗರೊಂದಿಗೆ ಬಹುಕಾಲ ಕಾದಾಡಿದ ಮೇಲೆ ತನ್ನ ಮಗಳು ಚಂದ್ರೋಬಲಬ್ಬೆಯನ್ನು ಗಂಗರ ಬೂತುಗನಿಗೆ ಕೊಟ್ಟು ಆ ವೈರವನ್ನು ಮುಗಿಸಿಕೊಂಡ. ನಂಬಿಗಸ್ತನಾದ ಬಂಕೇಯನಿಗೆ ಬನವಾಸಿ ಸೀಮೆಯ ಆಡಳಿತ ವಹಿಸಿ ಅವನಿಂದಲೇ ದಂಗೆ ಅಡಗಿಸಿದ. ಅರುವತ್ತು ವರ್ಷ ಮೀರಿ ಆಳಿದ.

ಹಳೆಯ ಸಾಮ್ರಾಜ್ಯವನ್ನು ಮರಳಿ ಕಟ್ಟಿದ ನಿದರ್ಶನವೂ ನಮ್ಮಲ್ಲೇ ಇದೆ. ಬಾದಾಮಿ ಚಾಲುಕ್ಯರನ್ನು 8ನೇ ಶತಮಾನದ ನಡುವಿನಲ್ಲಿ ರಾಷ್ಟ್ರಕೂಟರು ಕೆಡವಿದ್ದರು. ಎರಡು ಶತಮಾನಗಳ ಮೇಲೆ, 973ರಲ್ಲಿ, ರಾಷ್ಟ್ರಕೂಟರ ಮಾಂಡಲಿಕನಾಗಿದ್ದ ತೈಲಪ ಅವರನ್ನೇ ಉರುಳಿಸಿದ. ಅವನ ವಂಶದವರ ಶಾಸನಗಳು ಬಾದಾಮಿಯವರೆಗೆ ವಂಶಾವಳಿಯನ್ನು ಎಳೆದು ಜೋಡಿಸಿದವು. ಆ ಜೋಡಣೆಯನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ, ಆದರೆ ಪ್ರಜೆಗಳೂ ಸಾಮಂತರೂ ಒಪ್ಪಿದರೆ ಅರಸನಿಗೆ ಅಷ್ಟು ಸಾಕಾಗಿತ್ತು.

ನೀವು ಮಾನ್ಯಖೇಟದಿಂದ ಆರಂಭಿಸುವಾಗ ಪಿತ್ರಾರ್ಜಿತವನ್ನು ಮಕ್ಕಳಲ್ಲಿ ಹಂಚುವ ಉತ್ತರಾಧಿಕಾರದ ನಿಯಮ ಎದುರಾಗುತ್ತದೆ. ನಮ್ಮ ಊರುಗಳಲ್ಲಿ ಅಣ್ಣತಮ್ಮಂದಿರು ಹಿಸ್ಸೆಯಾದಾಗ ಹೊಲ ಹರಿದು ಹಂಚಿಹೋಗುವಂತೆಯೇ ರಾಜ್ಯವೂ ಹೋಗುತ್ತದೆ. ಚಕ್ರವರ್ತಿ ಪದವಿ ಒಂದೇ ಇದ್ದರೆ ಕಿರಿಯ ಮಕ್ಕಳು ರಾಜ್ಯ ಪಡೆದರೂ ಅಣ್ಣನ ಸಾಮಂತರಾಗಿಯೇ ಇರುತ್ತಾರೆ. ಎರಡನೆಯ ಚಕ್ರವರ್ತಿ ಪದವಿಯನ್ನು ಮಾತ್ರ ಆಸೆಪಟ್ಟು ಸೃಷ್ಟಿಸಬೇಡಿ.

ಪ್ರಶ್ನೆ: ಮಗ ರಾತ್ರಿಯೆಲ್ಲ ಈ ಆಟ ಆಡುತ್ತಾನೆ, ಕೇಳಿದರೆ ಇತಿಹಾಸ ಕಲಿಯುತ್ತಿದ್ದೇನೆ ಎನ್ನುತ್ತಾನೆ. ನಂಬಬಹುದೆ?
— ಗೃಹಿಣಿ, ಶಿವಮೊಗ್ಗ

ಉತ್ತರ: ಊರುಗಳ ಹೆಸರು, ಅರಸುಮನೆತನಗಳ ನಂಟು, ಯಾರ ಪಕ್ಕದಲ್ಲಿ ಯಾರ ರಾಜ್ಯವಿತ್ತು ಎಂಬುದನ್ನು ಖಂಡಿತ ಕಲಿಯುತ್ತಾನೆ. ಆದರೆ ಆಟದ ಮೊದಲ ದಿನದ ನಂತರ ನಡೆಯುವುದೆಲ್ಲ ಕಲ್ಪನೆ. ರಾತ್ರಿ ಹತ್ತಕ್ಕೆ ಕಂಪ್ಯೂಟರ್ ಆರಿಸಲು ಹೇಳಿ, ಮರುದಿನ ಜಸ್ಟಿನಿಯನ್ ಯಾರೆಂದು ಕೇಳಿ ನೋಡಿ.

ಪ್ರಶ್ನೆ: ರೋಮ್ ನಗರ ಪೋಪರ ಕೈಯಲ್ಲಿದೆ. ಅದನ್ನು ಮೊದಲೇ ಕಸಿದುಕೊಳ್ಳಬೇಕೆ, ಕೊನೆಗೆ ಬಿಡಬೇಕೆ?
— ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ಪೂರ್ವ ಮತ್ತು ಪಶ್ಚಿಮ ಚರ್ಚುಗಳ ಒಡಕಿಗೆ 1054ನೇ ಇಸವಿಯನ್ನು ಹೇಳುವುದು ವಾಡಿಕೆಯಾದರೂ ಆಟ 867ರಲ್ಲೇ ಇವೆರಡನ್ನೂ ಬೇರೆ ಪಂಥಗಳೆಂದು ಎಣಿಸುತ್ತದೆ. ಇದನ್ನು ತೀರಾ ತಪ್ಪೆನ್ನಲಾಗದು, ಏಕೆಂದರೆ ಕಾನ್‌ಸ್ಟಾಂಟಿನೋಪಲ್ಲಿನ ಧರ್ಮಾಧ್ಯಕ್ಷ ಫೋಟಿಯಸ್ ಒಂದನೆಯ ನಿಕೊಲಾಸ್ ಪೋಪರಿಗೆ ಬಹಿಷ್ಕಾರ ಹಾಕಿದ್ದು ಅದೇ ವರ್ಷ. ಪೋಪರ ಮೇಲೆ ಯುದ್ಧ ಸಾರಿದರೆ ಪಶ್ಚಿಮದ ಅರಸರು ಅವರ ನೆರವಿಗೆ ಬರಬಹುದು. ಹೀಗಾಗಿ ಸಿಸಿಲಿ, ಆಂಟಿಯಾಕ್, ಅಲೆಕ್ಸಾಂಡ್ರಿಯಾಗಳನ್ನು ಮೊದಲು ಹಿಡಿದು, ಅವುಗಳ ತೆರಿಗೆಯಿಂದ ಬೊಕ್ಕಸ ತುಂಬಿಕೊಂಡು, ಫ್ರಾಂಕರ ರಾಜ್ಯ ಅಣ್ಣತಮ್ಮಂದಿರ ಜಗಳದಲ್ಲಿ ಮುಳುಗಿರುವ ಸಮಯ ನೋಡಿ ರೋಮಿಗೆ ಇಳಿಯುವುದು ಕ್ಷೇಮ. ಐದು ಪ್ರಾಚೀನ ಧರ್ಮಪೀಠಗಳಲ್ಲಿ ಕಾನ್‌ಸ್ಟಾಂಟಿನೋಪಲ್ ಹೇಗೂ ನಿಮ್ಮದೇ. ಉಳಿದ ನಾಲ್ಕರಲ್ಲಿ ರೋಮ್, ಆಂಟಿಯಾಕ್, ಅಲೆಕ್ಸಾಂಡ್ರಿಯಾಗಳ ಜೊತೆಗೆ ಯೆರೂಸಲೇಮನ್ನೂ ಸೇರಿಸಿಕೊಂಡರೆ ಚರ್ಚುಗಳ ಒಡಕನ್ನು ಮುಚ್ಚುವ ನಿರ್ಧಾರವೂ ಕೈಗೆಟುಕುತ್ತದೆ. ಸಾಮ್ರಾಜ್ಯ ಘೋಷಿಸಲು ಬೇಕಾದ ಸೀಮೆಗಳ ಪಟ್ಟಿಯನ್ನು ಆಟದ ನಿರ್ಧಾರಗಳ ಪುಟದಲ್ಲಿಯೇ ನೋಡಿಕೊಳ್ಳಿ.