ವಿಂಚ್ ಹಾಕಿಸಿದ ಜೀಪಿಗೆ ಯಾವ ಡೈನಮೊ?

ಪ್ರಶ್ನೆ: ನಮ್ಮ ಹಳೆಯ ಡೀಸೆಲ್ ಜೀಪಿಗೆ ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ಮೋಟಾರು), ತಲಾ 120 ವ್ಯಾಟಿನ ಎರಡು ಎಲ್‌ಇಡಿ ಬಾರ್, ಸಣ್ಣ ಫ್ರಿಜ್ ಹಾಕಿಸಿದ್ದೇವೆ. 65 ಆಂಪಿಯರಿನ ಕಂಪನಿ ಡೈನಮೊ (ಆಲ್ಟರ್ನೇಟರ್) ಕೆಟ್ಟಿದೆ. ಮತ್ತೆ ಅದನ್ನೇ ಹಾಕಿಸಬೇಕೋ, ಹೊರಗಿನ 120 ಆಂಪಿಯರಿನದ್ದೋ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ವಿಂಚ್‌ಗಾಗಿಯೇ ಆದರೆ ದೊಡ್ಡದು ಬೇಡ. ಪೂರ್ತಿ ಭಾರ ಎಳೆಯುವಾಗ ವಿಂಚ್ 400 ಆಂಪಿಯರ್‌ವರೆಗೂ ಕೇಳುತ್ತದೆ. ಅದನ್ನು ಕೊಡುವುದು ಬ್ಯಾಟರಿಯೇ. ಒಂದು ನಿಮಿಷದ ಎಳೆತಕ್ಕೆ ಸುಮಾರು 7 ಆಂಪಿಯರ್-ಅವರ್ ಖರ್ಚು. ಡೈನಮೊದಲ್ಲಿ 20 ಆಂಪಿಯರ್ ಉಳಿದರೆ ಅರ್ಧ ಗಂಟೆಯೊಳಗೆ ತುಂಬಿಕೊಳ್ಳುತ್ತದೆ. ಹಾಗಾಗಿ ಮೊದಲ ದುಡ್ಡು ಒಳ್ಳೆಯ ಬ್ಯಾಟರಿಗೆ ಹೋಗಲಿ.

ಲೆಕ್ಕ ಹಾಕಬೇಕಾದ್ದು ಒಂದೇ ಸಮ ಓಡುವ ಹೊರೆಯನ್ನು. ಬಾರ್‌ಗಳಿಗೆ 18, ಹೆಡ್‌ಲೈಟಿಗೆ 9, ಫ್ರಿಜ್ಜಿಗೆ 5, ವೈಪರ್, ಬ್ಲೋವರಿಗೆ 10–12: ಹತ್ತಿರ ಹತ್ತಿರ 45. ಡೈನಮೊ ಮೇಲೆ ಬರೆದ 65 ಅದು ವೇಗವಾಗಿ ತಿರುಗುವಾಗಿನ ಅಂಕಿ. ಐಡ್ಲಿಂಗಿನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಅರ್ಧವೂ ಸಿಗದಿರಬಹುದು. ಕೆಸರಿನಲ್ಲಿ ನಿಧಾನ ತೆವಳುವ ಜೀಪಿಗೆ ಲೆಕ್ಕಕ್ಕೆ ಬರುವುದು ಈ ಕಡಿಮೆ ವೇಗದ ಅಂಕಿಯೇ. ಹೊರಗಿನದ್ದು ಕೊಳ್ಳುವಾಗ 120 ಎಂಬ ಮಾತಿಗೆ ಮರುಳಾಗಬೇಡಿ, ಡೈನಮೊ ನಿಮಿಷಕ್ಕೆ 2000 ಸುತ್ತಿನಲ್ಲಿ ಎಷ್ಟು ಕೊಡುತ್ತದೆಂದು ಕೇಳಿ. ಅಂಕಿ ಹೇಳಲಾಗದ ಮಾಲು ಬೇಡವೇ ಬೇಡ.

ಇನ್ನೊಂದು ವಿಷಯ ತೀರಾ ಮುಖ್ಯ. ಅನೇಕ ಹಳೆಯ ಡೀಸೆಲ್ ಜೀಪುಗಳಲ್ಲಿ ಬ್ರೇಕ್ ಬೂಸ್ಟರಿನ (ಪೆಡಲ್ ಒತ್ತುವುದನ್ನು ಹಗುರಾಗಿಸುವ ಭಾಗ) ವ್ಯಾಕ್ಯೂಮ್ ಪಂಪ್ ಡೈನಮೊದ ಬೆನ್ನಿಗೇ ಇರುತ್ತದೆ. ಪಂಪಿಲ್ಲದ ಡೈನಮೊ ಕೂರಿಸಿದರೆ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ. ಘಾಟಿ ಇಳಿಯುವವರಿಗೆ ಇದು ಪ್ರಾಣಾಪಾಯ. ಹಳೆಯದನ್ನು ಬಿಚ್ಚಿದಾಗ ಒಳಗೆ ಎಣ್ಣೆ ಕಂಡರೆ ಪಂಪಿನ ಸೀಲ್ ಹೋಗಿ ಕಾರ್ಬನ್ ಬ್ರಷ್ ಹಾಳಾಗಿರಬಹುದು. ಸೀಲ್, ಬ್ರಷ್, ಬೇರಿಂಗ್, ರೆಗ್ಯುಲೇಟರ್ ಬದಲಿಸಿದರೆ ಅದೇ ಡೈನಮೊ ಮತ್ತೆ ದುಡಿಯಬಹುದು.

ನಿಮ್ಮ ಜೀಪಿಗೆ ನಮ್ಮ ಆಯ್ಕೆ ಕಂಪನಿಯದ್ದೇ, ಅಥವಾ ಅದೇ ಅಳತೆಯ ಪಂಪ್ ಸಹಿತ 90 ಆಂಪಿಯರಿನದ್ದು ಸಿಕ್ಕರೆ ಅದು. 120 ಆಂಪಿಯರ್ ಪೂರ್ತಿ ಎಳೆದರೆ ಎಂಜಿನ್ನಿಂದ ಸುಮಾರು 4 ಎಚ್‌ಪಿ ಹೋಗುತ್ತದೆ. ಒಂಟಿ ವಿ-ಬೆಲ್ಟ್ ಜಾರಿ ಕಿರುಚಿ ಬೇಗ ಸುಟ್ಟುಹೋಗುತ್ತದೆ. ಹಾಕಿಸಿದರೂ ಹಳೆಯ ಚಾರ್ಜಿಂಗ್ ವೈರನ್ನೇ ಉಳಿಸಿಕೊಳ್ಳಬೇಡಿ: 25 ಚದರ ಮಿ.ಮೀ. ತಾಮ್ರದ ಕೇಬಲ್, ಬ್ಯಾಟರಿ ಪಕ್ಕದಲ್ಲಿ 150 ಆಂಪಿಯರ್ ಫ್ಯೂಸ್, ಎಂಜಿನ್ನಿಂದ ಬ್ಯಾಟರಿ ಮೈನಸ್ಸಿಗೆ ಅಷ್ಟೇ ದಪ್ಪದ ಅರ್ತಿಂಗ್.

ಯಾವುದನ್ನು ಹಾಕಿದರೂ ಎಲ್ಲ ದೀಪ ಹಚ್ಚಿ, ಎಂಜಿನ್ 1500 ಸುತ್ತಿಗೆ ಏರಿಸಿ ಬ್ಯಾಟರಿ ತುದಿಯಲ್ಲಿ ಮಲ್ಟಿಮೀಟರ್ ಇಡಿ. 13.8ರಿಂದ 14.4 ವೋಲ್ಟ್ ಇರಬೇಕು. ಕಡಿಮೆ ಬಂದರೆ ಡೈನಮೊ ಪ್ಲಸ್‌ನಿಂದ ಬ್ಯಾಟರಿ ಪ್ಲಸ್‌ವರೆಗೆ ಅಳೆಯಿರಿ, 0.3 ವೋಲ್ಟ್ ದಾಟಿದರೆ ತಪ್ಪು ಕೇಬಲ್ಲಿನದು ಅಥವಾ ಜೋಡಣೆಯದು.