ತಂಪಿನ ಲೆಕ್ಕ ಬೇರೆ, ಕರೆಂಟಿನ ಲೆಕ್ಕ ಬೇರೆ

ನಮಸ್ಕಾರ,

ನಿಮ್ಮ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ನಾಲ್ಕು ಪ್ಯಾರಾ ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ. ತೆಗೆದುಬಿಡಿ. ಒಂದು ಕ್ಯಾಂಪಸ್ಸಿನ ಆಫೀಸು, ಕಾಲೇಜು, ಸಭಾಂಗಣ ಮೂರಕ್ಕೂ ಎಸಿಗೆ ಬೇಕಾದ ತಣ್ಣೀರು ಒಂದೇ ಪ್ಲಾಂಟಿನಿಂದ ಹೋಗುತ್ತದೆ. ಯಾವ ಕಟ್ಟಡದ ಪಾಲಿಗೆ ಎಷ್ಟು ಕರೆಂಟ್? ಇದು ನಿಮ್ಮ ವಿಷಯ, ಇದೇ ಬೇಕಾದಷ್ಟಾಯಿತು. ಹಾಗೇ ‘ಶೈತ್ಯೀಕರಣ ಸ್ಥಾವರ’ ಬೇಡ. ಅಲ್ಲಿ ಕೆಲಸ ಮಾಡುವವರು ಚಿಲ್ಲರ್ ಪ್ಲಾಂಟ್ ಅಂತಾರೆ, ನೀವೂ ಹಾಗೇ ಬರೆಯಿರಿ.

ಈಗ ದೊಡ್ಡ ತಪ್ಪಿಗೆ ಬರೋಣ. ಆಫೀಸು ದಿನಕ್ಕೆ 1,000 ಟನ್-ಅವರ್ ತಂಪು ಬಳಸುತ್ತದೆ ಎಂದಿದ್ದೀರಿ. ಇಲ್ಲಿ ಟನ್ ಅಂದರೆ ತೂಕವಲ್ಲ, ಶಾಖ ಹೊರತೆಗೆಯುವ ವೇಗದ ಅಳತೆ; ಒಂದು ಟನ್ ತಂಪು ಒಂದು ಗಂಟೆ ನಡೆದರೆ ಒಂದು ಟನ್-ಅವರ್. ಒಂದು ಟನ್ ಎಂದರೆ 3.517 ಕಿಲೋವ್ಯಾಟ್, ಅದೂ ಸರಿ. ಅಲ್ಲಿಂದ ನೇರವಾಗಿ 3,517 ಯೂನಿಟ್ ಕರೆಂಟ್ ಎಂದು ಬಿಲ್ಲೇ ಹಾಕಿಬಿಟ್ಟಿದ್ದೀರಿ! ಅದು ಕಟ್ಟಡದಿಂದ ಹೊರಗೆ ಸಾಗಿಸಿದ ಶಾಖ. ಕರೆಂಟ್ ಅದರ ಸಾಗಾಣಿಕೆ ಖರ್ಚು ಮಾತ್ರ. ನೀರು ತಣ್ಣಗೆ ಮಾಡುವ ಚಿಲ್ಲರ್, ಅದನ್ನು ಓಡಿಸುವ ಪಂಪು, ಶಾಖವನ್ನು ಗಾಳಿಗೆ ಬಿಡುವ ಕೂಲಿಂಗ್ ಟವರ್ ಎಲ್ಲ ಸೇರಿ ಟನ್ನಿಗೆ 0.8 ಕಿಲೋವ್ಯಾಟ್ ಎಂದು ಹಿಡಿದರೆ 800 ಯೂನಿಟ್ ಆಗುತ್ತದೆ. ನಾಲ್ಕು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಕಟ್ಟಡದ ಬಿಟಿಯು ಮೀಟರ್ ಅಳೆಯುವುದು ತಂಪನ್ನು. ಕರೆಂಟ್ ಮೀಟರ್ ಇರುವುದು ಪ್ಲಾಂಟಿನಲ್ಲಿ. ಈ ಎರಡು ಮೀಟರುಗಳ ನಡುವೆ ಏನಾಗುತ್ತದೆ ಎಂಬುದನ್ನೇ ನೀವು ಬರೆಯಬೇಕಿತ್ತು, ಅಲ್ವಾ?

ಅಲ್ಲೂ 0.8 ಎಂಬ ಒಂದೇ ಅಂಕಿ ವರ್ಷವಿಡೀ ನಡೆಯುವುದಿಲ್ಲ. ಇದಕ್ಕೆ ಸಾಕ್ಷಿ ನಿಮ್ಮ ಆರನೇ ಪುಟದಲ್ಲೇ ಇದೆ. ರಾತ್ರಿ ಪಾಳಿಯ ಆಪರೇಟರ್ ಒಬ್ಬರು, ಆಫೀಸಿನ ಸರ್ವರ್ ರೂಮಿಗೆ ಬೇಕಾದ 40 ಟನ್ನಿಗಾಗಿ 500 ಟನ್ನಿನ ಚಿಲ್ಲರ್ ಓಡಿಸುತ್ತಾ ಗೊಣಗುತ್ತಾರೆ. ಅದು ಆಗಾಗ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಪಂಪು ಮಾತ್ರ ಓಡುತ್ತಲೇ ಇರುತ್ತದೆ. ನಮ್ಮೂರ ಗಿರಣಿಯವನು ನಾಲ್ಕು ಡಬ್ಬಿ ಸೇರುವವರೆಗೆ ಮೋಟಾರು ಹಾಕುತ್ತಿರಲಿಲ್ಲ. ಸರ್ವರ್ ರೂಮು ಹಾಗೆ ಕಾಯುವುದಿಲ್ಲವಲ್ಲ! ಆ ಹೊತ್ತಿನಲ್ಲಿ ಒಂದೊಂದು ಟನ್ನಿಗೂ ಕರೆಂಟ್ ಎಷ್ಟೋ ಜಾಸ್ತಿ ಬೀಳುತ್ತದೆ. ತಿಂಗಳ ಬಿಲ್ಲನ್ನು ಚದರಡಿ ಲೆಕ್ಕದಲ್ಲಿ ಹಂಚಿದರೆ ಅದರಲ್ಲೊಂದು ಪಾಲು ಸುಮ್ನೆ ಕಾಲೇಜಿನ ತಲೆಗೆ ಬರುತ್ತದೆ.

ಹಾಗಾಗಿ ಲೆಕ್ಕ ಗಂಟೆಗಂಟೆಗೆ ಆಗಬೇಕು, ವರ್ಷದ 8,760 ಗಂಟೆಗೂ. ಮೊದಲು ಮೂರು ಕಟ್ಟಡಗಳ ಆ ಗಂಟೆಯ ಲೋಡ್, ಅಂದರೆ ಬೇಕಾದ ತಂಪು, ಕೂಡಿಸಿ. ಅಷ್ಟು ಲೋಡಿಗೆ ಪ್ಲಾಂಟ್ ಎಷ್ಟು ಕರೆಂಟ್ ಎಳೆಯುತ್ತದೆ ನೋಡಿ. ಆಮೇಲೆ ಹಂಚಿ. ನೀವು ಒಂದೊಂದು ಕಟ್ಟಡದ ಅತಿ ಹೆಚ್ಚಿನ ಲೋಡ್ ತೆಗೆದುಕೊಂಡು, ಆಫೀಸಿನ 300, ಕಾಲೇಜಿನ 200, ಸಭಾಂಗಣದ 150 ಕೂಡಿಸಿ 650 ಟನ್ ಪ್ಲಾಂಟ್ ಬೇಕು ಎಂದಿದ್ದೀರಿ. ಕಾಲೇಜು ಬೆಳಗ್ಗೆ ಹನ್ನೊಂದಕ್ಕೆ, ಆಫೀಸು ಮಧ್ಯಾಹ್ನ ಮೂರಕ್ಕೆ, ಸಭಾಂಗಣ ಸಂಜೆ ಏಳಕ್ಕೆ ಏರುತ್ತದೆ ಎಂದು ನೀವೇ ಬರೆದಿದ್ದೀರಿ! ಎಲ್ಲವೂ ಒಟ್ಟಿಗೆ ಏರದೇ ಇರುವುದೇ ಹಂಚಿಕೊಳ್ಳುವುದರ ಲಾಭ. ಹಲವು ಕಟ್ಟಡಗಳಿಗೆ ಹೀಗೇ ತಂಪು ಹಂಚುವ ಗುಜರಾತಿನ ಗಾಂಧಿನಗರದ ಗಿಫ್ಟ್ ಸಿಟಿಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಮೊದಲ ಹಂತದಲ್ಲೇ 10,000 ಟನ್ನಿನ ಪ್ಲಾಂಟ್, ನೆಲದಡಿಯ ಸುರಂಗದಲ್ಲಿ ತಣ್ಣೀರಿನ ಪೈಪು. ಅದಕ್ಕೊಂದು ಪ್ಯಾರಾ ಕೊಡಿ.

ಒಂದು ವಿಷಯ ನಿಮ್ಮಲ್ಲಿ ಇಲ್ಲವೇ ಇಲ್ಲ: ವಾಪಸ್ ಬರುವ ನೀರು. 7 ಡಿಗ್ರಿಯಲ್ಲಿ ಹೋದ ನೀರು 12ಕ್ಕೆ ಬರಬೇಕು. ಒಂದು ಕಟ್ಟಡ 9.5ಕ್ಕೇ ಕಳಿಸಿದರೆ ಅಷ್ಟೇ ತಂಪಿಗೆ ಎರಡರಷ್ಟು ನೀರು ಓಡಿಸಬೇಕು. ಬಿಟಿಯು ಮೀಟರ್ ತೋರಿಸುವ ತಂಪು ಮಾತ್ರ ಅಷ್ಟೇ. ಪಂಪಿನ ಹೆಚ್ಚಿನ ಕರೆಂಟ್ ಯಾರ ಖಾತೆಗೆ? ಓದುಗರು ಜಗಳಕ್ಕೆ ಬರುವಂಥ ಪ್ರಶ್ನೆ ಇದು, ನನಗಂತೂ ತುಂಬಾ ಇಷ್ಟ.

ಆಪರೇಟರ್ ಇರುವ ಪ್ಯಾರಾದಿಂದಲೇ ಲೇಖನ ಶುರು ಮಾಡಿ. ಅವರನ್ನು ಇನ್ನೊಮ್ಮೆ ಕಂಡು, ಕೇಳಿಕೊಂಡೇ, ಒಂದು ರಾತ್ರಿಯ ಲಾಗ್ ಬುಕ್ಕಿನ ಅಂಕಿಗಳನ್ನು ಬರೆದುಕೊಂಡು ಬನ್ನಿ. ತಿಂಗಳ ಕೊನೆಯೊಳಗೆ ಸಿಕ್ಕರೆ ಮುಂದಿನ ಸಂಚಿಕೆಗೆ ನೋಡುತ್ತೇನೆ.

ಇಂತಿ,
ಸಂಪಾದಕ